ಹನ್ನೊಂದು ಇಪ್ಪತ್ತರವರೆಗೆ

ಆಕ್ಲೆಂಡಿನಿಂದ ರಾರೊಟೊಂಗಾಕ್ಕೆ
ಮೂರು ಸಾವಿರದ ಹತ್ತು ಕಿಲೋಮೀಟರು.
ಹಾರುವ ಹೊತ್ತು, ನಾಲ್ಕು ಗಂಟೆಗೆ ಹತ್ತು ನಿಮಿಷ ಕಮ್ಮಿ.
ಇದನ್ನು ನಾನು ಯಾವ ಪಟ್ಟಿ ನೋಡಿಯೂ ಕಲಿತದ್ದಲ್ಲ.
ಮಾಂಗೆರೆಯಲ್ಲಿ ನಮ್ಮ ಅಡುಗೆಮನೆಯ ನೆತ್ತಿಯ ಮೇಲೇ ವಿಮಾನಗಳು ಏರುತ್ತಿದ್ದವು,
ಗೂಡಿನ ತಟ್ಟೆಗಳು ಗಲಗಲ ಎನ್ನುತ್ತಿದ್ದವು,
ಸಂಜೆ ಆರರದು ಬಂದರೆ ಅಮ್ಮ ಬಾಣಲೆ ಇಳಿಸಿ, ಕಿಟಕಿಗೆ ಹೋಗಿ
'ನಮ್ಮೂರಿನದು' ಎನ್ನುತ್ತಿದ್ದಳು.
ಆಮೇಲೆ ಮಲಗುವವರೆಗೂ ವರದಿ:
ಈಗ ಊಟ ಕೊಡುತ್ತಿರಬೇಕು.
ಈಗ ಕೆಳಗೆ ಏನೂ ಇಲ್ಲ, ಬರೀ ನೀರು.
ಈಗ ಟೆಪಾಯೆರು ನಾಯಿಗೆ ಬೈಯುತ್ತಿದ್ದಾಳೆ,
ಮತ್ತೆ ರನ್‌ವೇ ಬೇಲಿ ನುಸುಳಿತೆಂದು.

ಮೂವತ್ತೊಂದು ವರ್ಷ ಹೀಗೆ ಕಿಟಕಿಯಿಂದಲೇ ಹೋಗಿಬಂದವಳು
ಈ ಸಲ ವಿಮಾನದ ಹೊಟ್ಟೆಯಲ್ಲಿ ಹೋದಳು,
ಸರಕಿನ ಚೀಟಿ ಅಂಟಿಸಿಕೊಂಡು:
ನೂರ ಹದಿನೆಂಟು ಕೆಜಿ, ಪೆಟ್ಟಿಗೆ ಸೇರಿ.
ತೂಕದ ಮಾತೆತ್ತಿದರೆ ಸಿಡಿಮಿಡಿ ಎನ್ನುತ್ತಿದ್ದವಳು.

ಮರಣಪತ್ರದಲ್ಲಿ ಬರೆದಿದೆ:
ಶುಕ್ರವಾರ, ರಾತ್ರಿ ಹನ್ನೊಂದು ಇಪ್ಪತ್ತು.
ವಿಮಾನ ಹೊರಟದ್ದು ಶನಿವಾರ ಮಧ್ಯಾಹ್ನ ಮೂರಕ್ಕೆ.
ಇಳಿದದ್ದು ಶುಕ್ರವಾರ, ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ.
ನಡುವೆ ಎಲ್ಲೋ ಒಂದು ಗೆರೆ ಇದೆಯಂತೆ.
ನೀರ ಮೇಲೆ ಎಳೆದ ಗೆರೆ ನಿಲ್ಲುವುದಿಲ್ಲ ಎಂದವರು
ಇದನ್ನು ದಾಟಿರಲಿಕ್ಕಿಲ್ಲ.

ಮನೆ ಮುಟ್ಟಿದಾಗ ಒಂಬತ್ತೂವರೆ.
ಚಾಪೆ ಹಾಸಿತ್ತು. ದಾಸವಾಳ ಹೊಲಿದ ಕೌದಿ ಕಾದಿತ್ತು.
ಅಂಗಳದಲ್ಲಿ ಅಪ್ಪನ ಗೋರಿಯ ಪಕ್ಕ ಆಗಲೇ ಅಗೆದಿದ್ದರು.
ಹೆಂಗಸರು ಉಸಿರು ತುಂಬಿಕೊಂಡು ಇನ್ನೇನು ಗೋಳಿಡಬೇಕು,
ಟೆಪಾಯೆರು ಕೈಯೆತ್ತಿದಳು.
ದಾರ ಕಟ್ಟಿದ ಕನ್ನಡಕದಲ್ಲಿ ಕಾಗದ ಓದಿದಳು,
ಗೋಡೆಯ ಗಡಿಯಾರ ನೋಡಿದಳು.
'ತಡೀರಿ. ಇನ್ನೂ ಆಗಿಲ್ಲ.'

ಅವಳ ಮೊಮ್ಮಗ ಟಾಂಗೀಯಾಗೆ ನಿಯಂತ್ರಣ ಗೋಪುರದಲ್ಲಿ ಕೆಲಸ.
'ಅಜ್ಜಿ, ಲೆಕ್ಕ ಹಾಗಲ್ಲ. ಅಲ್ಲಿಯ ಹನ್ನೊಂದು ಇಪ್ಪತ್ತೆಂದರೆ
ಇಲ್ಲಿ ಇವತ್ತು ಬೆಳಗಿನ ಜಾವ ಒಂದು ಇಪ್ಪತ್ತು.
ಆಗ ನೀನೇ ಎದ್ದು ಅಂಗಳದಲ್ಲಿ ನಿಂತಿದ್ದೆಯಲ್ಲ?'
'ವಿಮಾನ ಇಳಿಸುವುದು ನಿನ್ನ ಕೆಲಸ,' ಅಂದಳು. 'ಇಳಿಸಿದ್ದೀಯ. ಕೂತ್ಕೋ.'

ಕೂತೆವು. ಬಾಯಲ್ಲಿ ಗೋಳು ಹಾಗೇ ಇತ್ತು,
ಬಿಸಿ ತುತ್ತಿನ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ.
ಮೊದಲು ಒಬ್ಬ ಹುಡುಗಿ ಕೇಳಿದಳು, ಇವರಿಗೆ ಗಾಳಿ ಬೀಸಲಾ?
ಆಮೇಲೆ ಪಕ್ಕದ ಮನೆಯವಳು:
ಙಾಪೊಕೊ, ಆ ಹಳದಿ ಸುತ್ತುಬಟ್ಟೆ ನನ್ನದು,
ನೀನು ಹೊರಡುವಾಗ ಪೆಟ್ಟಿಗೆಗೆ ಹಾಕಿದ್ದು ನೋಡಿದ್ದೆ.
ಮೈದುನ ಬಂದು ನಲವತ್ತು ಡಾಲರು ಇಟ್ಟು
ಬಡ್ಡಿ ಕೇಳಬೇಡ ಎಂದ.
ಯಾರೋ ನಕ್ಕರು. ಹೊತ್ತುಗೊತ್ತಿಲ್ಲದ ಊರ ಹುಂಜವೂ ಕೂಗಿತು.

ಹನ್ನೊಂದಾಗಿತ್ತು. ನಾನಿನ್ನೂ ಏನೂ ಹೇಳಿರಲಿಲ್ಲ.
ಆಸ್ಪತ್ರೆಯಲ್ಲಿ ಒಂಬತ್ತು ದಿನ ಆಡಿದ್ದು ಎರಡೇ ಮಾತು:
ನೀರು ಬೇಕಾ, ದಿಂಬು ಸರಿಯಿದೆಯಾ.
ಚಾಪೆಯ ಮೇಲೆ ಜರುಗಿ, ಪೆಟ್ಟಿಗೆಗೆ ಕೆನ್ನೆ ಇಟ್ಟೆ.

ಅಮ್ಮಾ, ಎರಡು ವರ್ಷದ ಹಿಂದೆಯೇ ವೇಳೆ ಬದಲಾಯಿತು.
ನಮ್ಮೂರಿನದು ಮಧ್ಯಾಹ್ನವೇ ಹೋಗಿಬಿಡುತ್ತಿತ್ತು,
ನೀನು ನಿದ್ದೆಯಲ್ಲಿರುತ್ತಿದ್ದೆ.
ಆರು ಗಂಟೆಯದು ಬ್ರಿಸ್ಬೇನಿಗೆ ಹೋಗುವುದು.
ವಿಮಾನ ನಿಲ್ದಾಣದ ಹೋಟೆಲಿನಲ್ಲಿ ಚಾದರ ಒಗೆಯುವವಳಿಗೆ
ಇಷ್ಟು ಗೊತ್ತಿರದೆ ಇರುತ್ತದೆಯೇ?
ನೀನು ಕಿಟಕಿಗೆ ಹೋದಾಗಲೆಲ್ಲ
ನಾನು ಬಾಣಲೆ ಹಿಡಿದುಕೊಂಡು ಸುಮ್ಮನಿದ್ದೆ.

ಟೆಪಾಯೆರು ಕೇಳಿಸಿಕೊಂಡಳೋ ಇಲ್ಲವೋ.
ಹೊರಗೆ ನಾಯಿ ಬೊಗಳುತ್ತಿತ್ತು, ಅವಳು ಬೈಯಲಿಲ್ಲ.
ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.
ಮುಳ್ಳು ಬಂದು ನಾಲ್ಕರ ಮೇಲೆ ಕೂತಿತು.

'ಹೂಂ,' ಅಂದಳು. 'ಈಗ ಅಳಿ.'